ಚಂದ್ರನ ಫೋಟೋ ಶಾರ್ಪ್ ಆಗಿ ಬರಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಚಂದ್ರನ ಫೋಟೋ ಮಸುಕಾಗಿ ಬಂದ ಕೂಡಲೇ ಎಲ್ಲರಿಗೂ ಮೊದಲು ಅನುಮಾನ ಬರುವುದು ಲೆನ್ಸ್ ಮೇಲೆ. ಹೊಸ ಲೆನ್ಸ್‌ಗೆ ದುಡ್ಡು ಕೂಡಿಡುವ ಮುಂಚೆ ಇದನ್ನು ಒಮ್ಮೆ ಪೂರ್ತಿ ಓದಿ. ಈಗ ಕೈಯಲ್ಲಿರುವ ಸಾಮಾನಿನಲ್ಲೇ ಇನ್ನೂ ಎಷ್ಟೋ ಚೆನ್ನಾಗಿರುವ ಚಿತ್ರ ಬರುತ್ತದೆ. ಅದು ಎಲ್ಲಿ ತಪ್ಪಿಹೋಗುತ್ತಿದೆ ಅಂತ ಪತ್ತೆ ಹಚ್ಚಬೇಕು, ಅಷ್ಟೇ.

ಚಂದ್ರ ಬರೀ ಬಿಳಿ ಬಿಲ್ಲೆಯಾಗಿ ಬರುತ್ತಾನೆ, ಕಲೆ ಕುಳಿ ಏನೂ ಕಾಣುವುದಿಲ್ಲ. ಏಕೆ?

ಬೆಳಕು ಜಾಸ್ತಿ ಆಗಿದೆ. ಫೋಕಸ್ ಸರಿಯಿದ್ದರೂ ಹೀಗೇ ಆಗುತ್ತದೆ. ಫ್ರೇಮಿನ ಬಹುಪಾಲು ಕಪ್ಪು ಆಕಾಶ. ಆಟೋ ಮೋಡ್‌ನಲ್ಲಿರುವ ಕ್ಯಾಮೆರಾ ಆ ಕಪ್ಪನ್ನು ಲೆಕ್ಕಕ್ಕೆ ತೆಗೆದುಕೊಂಡು ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ. ಆದರೆ ನೀವು ನೋಡುತ್ತಿರುವ ಚಂದ್ರನ ನೆಲದಲ್ಲಿ ಆಗ ಹಗಲು. ನೇರ ಬಿಸಿಲು ಬಿದ್ದ ಕಲ್ಲು, ಧೂಳು. ಬಿದ್ದ ಬೆಳಕಿನಲ್ಲಿ ಸುಮಾರು 12% ಮಾತ್ರ ಅದು ವಾಪಸ್ ಕಳಿಸುತ್ತದೆ. ಹಾಗಾಗಿ ಬೇಕಾಗಿರುವುದು ಹಗಲಿನ ಸೆಟ್ಟಿಂಗ್. ಮ್ಯಾನುಯಲ್ ಮೋಡ್‌ಗೆ ಬನ್ನಿ. ಅದು ಕಷ್ಟ ಅನ್ನಿಸಿದರೆ ಸ್ಪಾಟ್ ಮೀಟರಿಂಗ್ ಇಟ್ಟು ಚಂದ್ರನ ಮೇಲೇ ಅಳತೆ ತೆಗೆಯಿರಿ.

ಯಾವ ಸೆಟ್ಟಿಂಗ್‌ನಿಂದ ಶುರು ಮಾಡಲಿ?

ಫಿಲ್ಮ್ ಕಾಲದ ಒಂದು ಸೂತ್ರ ಇದೆ, ಲೂನಿ 11 ಅಂತಾರೆ. ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ) ಎಫ್/11 ಇಡಿ, ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 100 ಇದ್ದರೆ ಶಟರ್ 1/100 ಸೆಕೆಂಡ್, ಐಎಸ್‌ಒ 200 ಇದ್ದರೆ 1/200. ಇದು ಹುಣ್ಣಿಮೆಯ ಲೆಕ್ಕ. ನಾನು ಎಫ್/8 ಬಳಸುತ್ತೇನೆ (ಏಕೆ ಅಂತ ಕೆಳಗೆ ಹೇಳಿದ್ದೇನೆ), ಅದಕ್ಕೆ ಹೊಂದಿಸಿಕೊಂಡರೆ ಹುಣ್ಣಿಮೆಗೆ ಐಎಸ್‌ಒ 100, 1/200. ಅಷ್ಟಮಿಯ ಅರ್ಧ ಚಂದ್ರನಿಗೆ ಐಎಸ್‌ಒ 400, 1/200. ತದಿಗೆಯ ಆಸುಪಾಸಿನ ತೆಳು ಚಂದ್ರನಿಗೆ ಐಎಸ್‌ಒ 800, 1/200.

ಅರ್ಧ ಚಂದ್ರ ಅಂದರೆ ಅರ್ಧ ಬೆಳಕು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಿಲ್ಲ. ಹುಣ್ಣಿಮೆ ಚಂದ್ರ ಅರ್ಧ ಚಂದ್ರನಿಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ ಬೆಳಗುತ್ತಾನೆ. ಹುಣ್ಣಿಮೆಯ ದಿನ ಸೂರ್ಯ ನಮ್ಮ ಬೆನ್ನ ಹಿಂದೆ ಇರುತ್ತಾನೆ, ಅಲ್ಲಿನ ಕಲ್ಲು, ಹರಳು, ಗುಡ್ಡಗಳ ನೆರಳೆಲ್ಲ ಅವುಗಳ ಹಿಂದೆಯೇ ಅಡಗಿಬಿಡುತ್ತದೆ. ಉಳಿದ ದಿನ ಆ ನೆರಳುಗಳೇ ಬೆಳಕನ್ನು ಕಡಿಮೆ ಮಾಡುತ್ತವೆ. ಅದಕ್ಕೇ ದಿನದಿಂದ ದಿನಕ್ಕೆ ಸೆಟ್ಟಿಂಗ್ ಬದಲಾಗುತ್ತದೆ.

ಚಂದ್ರ ಕೆಳಗಿದ್ದರೆ, ತೆಳು ಮೋಡ ಇದ್ದರೆ ಇನ್ನಷ್ಟು ಬೆಳಕು ಬೇಕು. ಒಂದು ಫೋಟೋ ತೆಗೆದು ಹಿಸ್ಟೋಗ್ರಾಂ (ಫೋಟೋದಲ್ಲಿ ಕತ್ತಲೆ ಎಷ್ಟು, ಬೆಳಕು ಎಷ್ಟು ಅಂತ ತೋರಿಸುವ ನಕ್ಷೆ) ನೋಡಿ. ಬಲಗಡೆಯ ಗೋಡೆಗೆ ತಾಗಿದ್ದರೆ ಶಟರ್ ವೇಗ ಹೆಚ್ಚಿಸಿ. ಸ್ವಲ್ಪ ಕತ್ತಲಾಗಿ ಬಂದರೂ ಆಮೇಲೆ ಎತ್ತಬಹುದು. ಬಿಳಿಯಾಗಿ ಸುಟ್ಟುಹೋದ ಜಾಗ ಮಾತ್ರ ಏನು ಮಾಡಿದರೂ ವಾಪಸ್ ಬರುವುದಿಲ್ಲ.

ಬೆಳಕು ಸರಿಯಿದೆ, ಆದರೂ ಮಸುಕು. ತಪ್ಪು ಎಲ್ಲಿದೆ ಅಂತ ಹೇಗೆ ತಿಳಿಯುವುದು?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಎಲ್ಲ ಮಸುಕೂ ಒಂದೇ ಥರ ಇರುವುದಿಲ್ಲ. ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು 100% ಗೆ ಹಿಗ್ಗಿಸಿ, ಮೊದಲು ಚಂದ್ರನ ಅಂಚು ನೋಡಿ, ಆಮೇಲೆ ಬೆಳಕು-ಕತ್ತಲೆಯ ಗಡಿಯಲ್ಲಿರುವ ಸಣ್ಣ ಕುಳಿಗಳನ್ನು ನೋಡಿ.

ಒಂದು ಪಕ್ಕದ ಅಂಚು ಚೂಪಾಗಿದ್ದು ಅದರ ಎದುರಿನದೂ ಹಾಗೇ ಇದ್ದು, ಮೇಲಿನ ಮತ್ತು ಕೆಳಗಿನ ಅಂಚು ಮಾತ್ರ ಎಳೆದಂತೆ ಇದ್ದರೆ ಅದು ಅಲುಗಾಟ. ಕುಳಿಗಳೂ ಅದೇ ದಿಕ್ಕಿಗೆ ಉದ್ದವಾಗಿರುತ್ತವೆ, ಕೆಲವು ಸಲ ಒಂದೊಂದು ಕುಳಿ ಎರಡೆರಡಾಗಿ ಕಾಣುತ್ತದೆ. ಎಲ್ಲ ದಿಕ್ಕಿಗೂ ಒಂದೇ ಸಮನೆ ಮೆತ್ತಗಿದ್ದು, ಒಟ್ಟಿಗೆ ತೆಗೆದ ಎಲ್ಲ ಫೋಟೋಗಳಲ್ಲೂ ಅಷ್ಟೇ ಮೆತ್ತಗಿದ್ದರೆ ಫೋಕಸ್ ತಪ್ಪಿದೆ. ಒಂದು ಫೋಟೋ ಚೆನ್ನಾಗಿ ಬಂದು ಮುಂದಿನದು ಕೆಟ್ಟಿದ್ದರೆ, ಅಥವಾ ಒಂದೇ ಫೋಟೋದಲ್ಲಿ ಒಂದು ಕಡೆ ಕುಳಿಗಳು ಚೂಪಾಗಿದ್ದು ಇನ್ನೊಂದು ಕಡೆ ಕಲಸಿದಂತಿದ್ದರೆ, ಅಂಚು ದುಂಡಗಿರದೆ ಅಂಕುಡೊಂಕಾಗಿದ್ದರೆ, ಅದು ಗಾಳಿಯ ಕೆಲಸ, ಅಂದರೆ ಚಂದ್ರನ ಬೆಳಕು ದಾಟಿ ಬರುವ ವಾತಾವರಣದ್ದು (ಕೆಳಗೆ ವಿವರಿಸಿದ್ದೇನೆ).

ಈ ಮೂರಕ್ಕೂ ಮದ್ದು ಬೇರೆ ಬೇರೆ. ಗಾಳಿಯ ತೊಂದರೆಗೆ ಟ್ರೈಪಾಡ್ ಬದಲಾಯಿಸಿ ಪ್ರಯೋಜನ ಇಲ್ಲ, ಅಲುಗಾಟಕ್ಕೆ ದುಬಾರಿ ಲೆನ್ಸ್ ತಂದರೆ ಅಲುಗಾಟವೂ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಮೊದಲು ಇದನ್ನು ಗುರುತಿಸಿ.

ಆಟೋಫೋಕಸ್ ಸಾಕಾ, ಮ್ಯಾನುಯಲ್ ಬೇಕಾ?

ಚಂದ್ರ ಹೊಳೆಯುವ ವಸ್ತು, ಅಂಚು ಸ್ಪಷ್ಟ. ಆಟೋಫೋಕಸ್ ಅನೇಕ ಸಲ ಚೆನ್ನಾಗೇ ಹಿಡಿಯುತ್ತದೆ. ಆದರೆ ಪ್ರತಿ ಕ್ಲಿಕ್ಕಿಗೂ ಅದು ಮತ್ತೆ ಹುಡುಕಲು ಹೊರಟರೆ ಒಂದು ಸರಿ, ಒಂದು ತಪ್ಪು ಆಗುತ್ತದೆ. ನನ್ನ ಸಲಹೆ ಹೀಗೆ. ಲೈವ್ ವ್ಯೂ ಹಾಕಿ. ಪರದೆಯನ್ನು 10 ಪಟ್ಟು ಹಿಗ್ಗಿಸಿ, ಬೆಳಕು-ಕತ್ತಲೆಯ ಗಡಿಯಲ್ಲಿ ಒಂದು ಸಣ್ಣ ಕುಳಿ ಆರಿಸಿಕೊಳ್ಳಿ. ಫೋಕಸ್ ರಿಂಗನ್ನು ನಿಧಾನಕ್ಕೆ ತಿರುಗಿಸಿ. ಕುಳಿ ಚೂಪಾಗುತ್ತಾ ಬರುತ್ತದೆ, ಅಲ್ಲಿಗೇ ನಿಲ್ಲಿಸಬೇಡಿ. ಮತ್ತೆ ಮಸುಕಾಗುವವರೆಗೂ ದಾಟಿ ಹೋಗಿ, ಆಮೇಲೆ ಹಿಂದಕ್ಕೆ ಬನ್ನಿ. ಎರಡೂ ಕಡೆಯ ಮಸುಕು ನೋಡಿದ ಮೇಲೇ ನಡುವಿನ ಜಾಗ ಕಣ್ಣಿಗೆ ಸಿಗುತ್ತದೆ. ಗಾಳಿ ಅಲುಗುತ್ತಿರುವುದರಿಂದ ಕುಳಿ ತಾನಾಗಿಯೂ ಚೂಪು, ಮಸುಕು ಆಗುತ್ತಾ ಇರುತ್ತದೆ, ಹಾಗಾಗಿ ಒಂದೊಂದು ಜಾಗದಲ್ಲೂ ಮೂರ್ನಾಲ್ಕು ಸೆಕೆಂಡ್ ಕಾದು ಅದು ಅತಿ ಚೂಪಾಗಿ ಕಂಡ ಕ್ಷಣವನ್ನು ಮಾತ್ರ ಹೋಲಿಸಿ ನೋಡಿ.

ಸಿಕ್ಕ ಮೇಲೆ ರಿಂಗಿಗೆ ಒಂದು ಚೂರು ಟೇಪ್ ಅಂಟಿಸಿ. ಅರ್ಧ ಗಂಟೆಗೊಮ್ಮೆ ಮತ್ತೆ ಪರೀಕ್ಷಿಸಿ. ರಾತ್ರಿ ತಣ್ಣಗಾದಂತೆ ಲೆನ್ಸ್ ಕುಗ್ಗಿ ಫೋಕಸ್ ಜಾರುತ್ತದೆ.

ಲೆನ್ಸ್ ಮೇಲಿರುವ ಅನಂತದ ಗುರುತಿಗೆ ತಿರುಗಿಸಿಟ್ಟರೆ ಸಾಲದಾ?

ಸಾಲದು. ಬಹಳ ಲೆನ್ಸ್‌ಗಳು ಆ ಗುರುತನ್ನೂ ದಾಟಿ ತಿರುಗುತ್ತವೆ. ನಿಜವಾದ ಜಾಗ ಗುರುತಿನ ಸ್ವಲ್ಪ ಆಚೆಗೋ ಈಚೆಗೋ ಇರುತ್ತದೆ.

ಟ್ರೈಪಾಡ್ ಮೇಲಿಟ್ಟರೂ ಅಲುಗಿದೆ. ಹೇಗೆ?

ನೀವು ಬಟನ್ ಒತ್ತಿದ್ದೇ ಸಾಕು. ಉದ್ದ ಲೆನ್ಸ್ ಇದ್ದಾಗ ಬೆರಳಿನ ಒಂದು ಒತ್ತಿಗೆ ಇಡೀ ಕ್ಯಾಮೆರಾ ಒಂದೆರಡು ಸೆಕೆಂಡ್ ನಡುಗುತ್ತದೆ. ನಂಬಿಕೆ ಬರದಿದ್ದರೆ ಲೈವ್ ವ್ಯೂ ಹಿಗ್ಗಿಸಿಟ್ಟು ಟ್ರೈಪಾಡ್ ಕಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಚಂದ್ರ ಎಷ್ಟು ಹೊತ್ತು ಕುಣಿಯುತ್ತಾನೋ ಅಷ್ಟು ಹೊತ್ತು ನೀವು ಕಾಯಬೇಕು. ರಿಮೋಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಟೈಮರ್ ಹಾಕಿ. 2 ಸೆಕೆಂಡ್ ಸಾಲದಿದ್ದರೆ 10 ಸೆಕೆಂಡ್.

ಡಿಎಸ್‌ಎಲ್‌ಆರ್ ಆದರೆ ಒಳಗಿನ ಕನ್ನಡಿ ಮೇಲಕ್ಕೆ ಹಾರುವಾಗಲೂ ನಡುಕ ಬರುತ್ತದೆ. ಮಿರರ್ ಲಾಕ್ ಅಪ್ ಹಾಕಿ ಅಥವಾ ಲೈವ್ ವ್ಯೂನಲ್ಲೇ ತೆಗೆಯಿರಿ. ಮಿರರ್‌ಲೆಸ್ ಆದರೆ ಎಲೆಕ್ಟ್ರಾನಿಕ್ ಶಟರ್ ಇರುತ್ತದೆ, ಅದನ್ನು ಬಳಸಿ. ಟ್ರೈಪಾಡಿನ ನಡುವಿನ ಕಂಬವನ್ನು ಎತ್ತಬೇಡಿ, ಕೆಳಗಿನ ತೆಳು ಕಾಲುಗಳನ್ನು ಕೊನೆಯವರೆಗೂ ಎಳೆಯಬೇಡಿ. ಎತ್ತರ ಕಡಿಮೆಯಾದಷ್ಟೂ ಗಟ್ಟಿ. ಕ್ಯಾಮೆರಾದ ಪಟ್ಟಿ ಗಾಳಿಗೆ ಬಡಿದಾಡುತ್ತಿದ್ದರೆ ತೆಗೆದುಬಿಡಿ. ಭಾರದ ಲೆನ್ಸ್‌ಗೆ ಕೊರಳಪಟ್ಟಿಯಂಥ ಬಳೆ ಬಂದಿದ್ದರೆ ಕ್ಯಾಮೆರಾವನ್ನು ಬಿಟ್ಟು ಆ ಬಳೆಯನ್ನೇ ಟ್ರೈಪಾಡಿಗೆ ಕಟ್ಟಿ. ಮಹಡಿಯ ಮೇಲೆ ನಿಂತಿದ್ದರೆ ಫೋಟೋ ತೆಗೆಯುವಾಗ ಯಾರೂ ಓಡಾಡದಿರಲಿ.

ಟ್ರೈಪಾಡ್ ಮೇಲಿದ್ದಾಗ ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವ ಸೌಲಭ್ಯ) ಆಫ್ ಮಾಡಬೇಕಾ?

ಹೌದು, ಆಫ್ ಮಾಡಿ. ಹೊಸ ಲೆನ್ಸ್‌ಗಳಲ್ಲಿ ಕೆಲವು ತಾವೇ ಗುರುತಿಸಿ ಸುಮ್ಮನಾಗುತ್ತವೆ, ಆದರೂ ಆಫ್ ಇದ್ದರೆ ಚಿಂತೆ ಇಲ್ಲ. ಕೈಯಲ್ಲಿ ಹಿಡಿದಾಗ ಆನ್ ಮಾಡಲು ಮರೆಯಬೇಡಿ.

ಟ್ರೈಪಾಡ್ ಇಲ್ಲದೆ ಆಗುವುದೇ ಇಲ್ವಾ?

ಆಗುತ್ತದೆ. ಹುಣ್ಣಿಮೆಯ ಹತ್ತಿರದ ದಿನಗಳಲ್ಲಂತೂ ಧಾರಾಳವಾಗಿ ಆಗುತ್ತದೆ, ಏಕೆಂದರೆ ಬೆಳಕು ಅಷ್ಟಿದೆ. 300 ಮಿಮೀ ಲೆನ್ಸ್‌ಗೆ 1/500 ಸೆಕೆಂಡ್, 600 ಮಿಮೀ ಆದರೆ 1/1000 ಇಟ್ಟುಕೊಂಡು ಐಎಸ್‌ಒ ಬೇಕಾದಷ್ಟು ಏರಿಸಿ. ಗೋಡೆಗೋ ಕಂಬಕ್ಕೋ ಒರಗಿ, ಮೊಣಕೈ ಎದೆಗೆ ಒತ್ತಿ, ಬರ್ಸ್ಟ್‌ನಲ್ಲಿ ಒಂದೇ ಸಲಕ್ಕೆ ಹತ್ತಿಪ್ಪತ್ತು ತೆಗೆಯಿರಿ. ಅದರಲ್ಲಿ ಒಂದೆರಡು ಖಂಡಿತ ಚೆನ್ನಾಗಿರುತ್ತವೆ.

ಚಂದ್ರ ಚಲಿಸುತ್ತಾನಲ್ಲ, ಶಟರ್ ಎಷ್ಟು ಹೊತ್ತು ತೆರೆದಿರಬಹುದು?

ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಜಾರುತ್ತದೆ. ಚಂದ್ರ ತನ್ನ ಅಗಲದಷ್ಟು ದೂರ ಸರಿಯಲು ಎರಡು ನಿಮಿಷದಷ್ಟು ಸಾಕು. ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ) ಸೆನ್ಸರಿನ 24 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ 600 ಮಿಮೀ ಲೆನ್ಸ್ ಹಾಕಿದ್ದೀರಿ ಅಂದುಕೊಳ್ಳಿ. ಆಗ ಒಂದು ಸೆಕೆಂಡಿನಲ್ಲಿ ಚಂದ್ರ 11 ಪಿಕ್ಸೆಲ್‌ನಷ್ಟು ಸರಿದಿರುತ್ತಾನೆ, 1/10 ಸೆಕೆಂಡಿನಲ್ಲಿ ಒಂದು ಪಿಕ್ಸೆಲ್. ಅಂದರೆ 1/60 ಕ್ಕಿಂತ ವೇಗ ಇದ್ದರೆ ಚಂದ್ರನ ಓಟದಿಂದ ಏನೂ ಕೆಡುವುದಿಲ್ಲ. ಆದರೂ ನಾನು 1/125 ಕ್ಕಿಂತ ಕೆಳಗೆ ಇಳಿಯಬೇಡಿ ಅಂತ ಹೇಳುವುದು ಗಾಳಿಯ ಕಾರಣಕ್ಕೆ. ಗಾಳಿಯ ಅಲುಗಾಟ ಬಹಳ ಬೇಗ ಬೇಗ ಬದಲಾಗುತ್ತದೆ, ಚುರುಕಿನ ಶಟರ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಐಎಸ್‌ಒ 100 ರಲ್ಲೇ ಇರಬೇಕು ಅಂತ ಹಟ ಹಿಡಿದು 1/30 ಕ್ಕೆ ಇಳಿಯುವುದಕ್ಕಿಂತ ಐಎಸ್‌ಒ 400, 1/125 ಎಷ್ಟೋ ಮೇಲು.

ಎಫ್/16 ಇಟ್ಟರೆ ಇನ್ನೂ ಶಾರ್ಪ್ ಆಗಲ್ವಾ?

ಇಲ್ಲ, ಮಸುಕಾಗುತ್ತದೆ. ಸಣ್ಣ ಕಿಂಡಿಯಲ್ಲಿ ಹಾದ ಬೆಳಕು ಹರಡಿಕೊಳ್ಳುತ್ತದೆ, ಇದನ್ನೇ ಡಿಫ್ರ್ಯಾಕ್ಷನ್ ಅನ್ನುವುದು. ಎಫ್/8 ರಲ್ಲಿ ಒಂದು ಬಿಂದುವಿನ ಬೆಳಕು ಸೆನ್ಸರ್ ಮೇಲೆ ಸುಮಾರು 11 ಮೈಕ್ರಾನ್ ಅಗಲಕ್ಕೆ ಹರಡಿದರೆ, ಎಫ್/16 ರಲ್ಲಿ 21 ಮೈಕ್ರಾನ್ ದಾಟುತ್ತದೆ. ಪಿಕ್ಸೆಲ್ ಇರುವುದು 4 ಮೈಕ್ರಾನ್. ಚಂದ್ರ ಅಷ್ಟು ದೂರದಲ್ಲಿರುವಾಗ ಡೆಪ್ತ್ ಆಫ್ ಫೀಲ್ಡ್ (ಹತ್ತಿರದ್ದೂ ದೂರದ್ದೂ ಒಟ್ಟಿಗೆ ಚೂಪಾಗಿ ಬರುವ ಆಳ) ಅಂತ ಏನೂ ಬೇಕಿಲ್ಲ, ಹಾಗಾಗಿ ಕಿಂಡಿ ಸಣ್ಣದು ಮಾಡಿ ಸಿಗುವ ಲಾಭವೂ ಇಲ್ಲ. ಪೂರ್ತಿ ತೆರೆದರೆ ಕೆಲವು ಲೆನ್ಸ್‌ಗಳು ಮೆತ್ತಗಾಗುತ್ತವೆ. ಎಫ್/5.6 ರಿಂದ ಎಫ್/8 ರ ನಡುವೆ ನಿಮ್ಮ ಲೆನ್ಸ್ ಎಲ್ಲಿ ಚೆನ್ನಾಗಿದೆಯೋ ಅಲ್ಲಿಡಿ.

ಎಷ್ಟು ಮಿಮೀ ಲೆನ್ಸ್ ಬೇಕು?

ಲೆನ್ಸ್‌ನ ಮಿಮೀಯನ್ನು 110 ರಿಂದ ಭಾಗಿಸಿ. ಸೆನ್ಸರ್ ಮೇಲೆ ಚಂದ್ರನ ಅಗಲ ಅಷ್ಟು ಮಿಮೀ. 50 ಮಿಮೀ ಲೆನ್ಸ್‌ನಲ್ಲಿ ಅರ್ಧ ಮಿಮೀ ಕೂಡ ಇಲ್ಲ, 300 ರಲ್ಲಿ 2.7 ಮಿಮೀ, 600 ರಲ್ಲಿ 5.5 ಮಿಮೀ. ಫುಲ್ ಫ್ರೇಮ್ ಸೆನ್ಸರಿನ ಎತ್ತರ 24 ಮಿಮೀ, ಅಂದರೆ 600 ಮಿಮೀ ಹಾಕಿದರೂ ಚಂದ್ರ ಅದರ ಕಾಲು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಕೂರುತ್ತಾನೆ. ಇದಕ್ಕೆ ಬೇಜಾರು ಬೇಡ. ಕ್ರಾಪ್ ಮಾಡುವುದು ತಪ್ಪಲ್ಲ. 300 ಮಿಮೀ ಲೆನ್ಸ್ ಮತ್ತು 24 ಮೆಗಾಪಿಕ್ಸೆಲ್ ಎಪಿಎಸ್-ಸಿ ಕ್ಯಾಮೆರಾದಲ್ಲಿ ಚಂದ್ರನ ಅಗಲ ಸುಮಾರು 700 ಪಿಕ್ಸೆಲ್ ಬರುತ್ತದೆ. ಫೋಕಸ್ ಸರಿಯಿದ್ದರೆ ಟೈಕೋ, ಕೋಪರ್ನಿಕಸ್, ಪ್ಲೇಟೋ ಕುಳಿಗಳೆಲ್ಲ ಅದರಲ್ಲೇ ಗುರುತು ಸಿಗುತ್ತವೆ.

ಟೆಲಿಕನ್ವರ್ಟರ್ (ಲೆನ್ಸ್ ಮತ್ತು ಕ್ಯಾಮೆರಾದ ನಡುವೆ ಕೂತು ಚಿತ್ರ ಹಿಗ್ಗಿಸುವ ಚಿಕ್ಕ ಲೆನ್ಸ್) ಹಾಕಲಾ?

1.4 ಪಟ್ಟಿನದಾದರೆ ಹಾಕಿ ನೋಡಿ, ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು ಹೋಗುತ್ತದೆ. 2 ಪಟ್ಟಿನದು ಎರಡು ಸ್ಟಾಪ್ ತಿನ್ನುತ್ತದೆ, ಒಳ್ಳೆಯ ಲೆನ್ಸ್ ಇದ್ದರೆ ಮಾತ್ರ ಪ್ರಯೋಜನ.

ಯಾವ ದಿನ ತೆಗೆದರೆ ಒಳ್ಳೆಯದು? ಹುಣ್ಣಿಮೆಯೇ ಅಲ್ವಾ?

ಹುಣ್ಣಿಮೆಗೇ ಕಾದು ಕುಳಿತವರಿಗೆ ನಾನು ಯಾವಾಗಲೂ ಹೇಳುವುದು, ಒಂದು ವಾರ ಮೊದಲೇ ಹೊರಗೆ ಬನ್ನಿ ಅಂತ. ಹುಣ್ಣಿಮೆಯ ದಿನ ನೆರಳು ಇರುವುದಿಲ್ಲ, ನೆರಳಿಲ್ಲದೆ ಕುಳಿಯ ಆಳ ಕಾಣುವುದಿಲ್ಲ. ಎಷ್ಟೇ ಶಾರ್ಪ್ ಆಗಿ ತೆಗೆದರೂ ಚಪ್ಪಟೆಯಾಗಿ ಕಾಣುತ್ತದೆ. ಬೆಳಕು-ಕತ್ತಲೆಯ ಗಡಿಯಲ್ಲಿ ಆ ಹೊತ್ತಿಗೆ ಸೂರ್ಯ ಹುಟ್ಟುತ್ತಿರುತ್ತಾನೆ, ಅಲ್ಲಿ ಚಿಕ್ಕ ದಿಬ್ಬದ ನೆರಳೂ ಮೈಲುಗಟ್ಟಲೆ ಚಾಚಿರುತ್ತದೆ.

ಶುಕ್ಲಪಕ್ಷದ ಅಷ್ಟಮಿಯ ಸುಮಾರಿಗೆ ಅಪೆನೈನ್ಸ್ ಪರ್ವತಸಾಲು ಗಡಿಗೆ ಬರುತ್ತದೆ. ಸುಮಾರು 600 ಕಿಮೀ ಉದ್ದದ ಸಾಲು, ಕೆಲವು ಶಿಖರಗಳು ಹತ್ತಿರ ಹತ್ತಿರ 5 ಕಿಮೀ ಎತ್ತರ. ಮರುದಿನ ರೂಪೆಸ್ ರೆಕ್ಟಾ ಅನ್ನುವ ನೇರ ಗೋಡೆ, 110 ಕಿಮೀ ಉದ್ದ, ತೆಳು ಕಪ್ಪು ಗೆರೆಯಾಗಿ ಕಾಣುತ್ತದೆ. ಅದೇ ಒಂದೆರಡು ದಿನದಲ್ಲಿ 93 ಕಿಮೀ ಅಗಲದ ಕೋಪರ್ನಿಕಸ್ ಕುಳಿಗೆ ಬೆಳಕು ಬೀಳುತ್ತದೆ. ಮೊದಲು ಅಂಚು ಮಾತ್ರ ಹೊಳೆದು ಒಳಗೆಲ್ಲ ಕಪ್ಪು, ಆಮೇಲೆ ಒಳಗೋಡೆಯ ಮೆಟ್ಟಿಲುಗಳು, ನಡುವಿನ ಶಿಖರಗಳು ಒಂದೊಂದೇ ಮೇಲೇಳುತ್ತವೆ. ದಕ್ಷಿಣದಲ್ಲಿ ಕ್ಲೇವಿಯಸ್ ಇದೆ, 225 ಕಿಮೀ ಮೀರಿದ ಅಗಲ, ಅದರೊಳಗೆ ಚಿಕ್ಕ ಕುಳಿಗಳು ಕಮಾನಿನ ಸಾಲಿನಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾ ಹೋಗುತ್ತವೆ. ಅದರಲ್ಲಿ ಎಷ್ಟು ಕುಳಿ ಎಣಿಸಲು ಬರುತ್ತದೆ ಅನ್ನುವುದೇ ನಿಮ್ಮ ಫೋಟೋದ ಶಾರ್ಪ್‌ನೆಸ್‌ಗೆ ಒಳ್ಳೆಯ ಪರೀಕ್ಷೆ.

ಹುಣ್ಣಿಮೆ ಬೇಡವೇ ಬೇಡ ಅಂತಲ್ಲ. ಟೈಕೋ ಕುಳಿಯಿಂದ ಹೊರಟ ಬಿಳಿ ಕಿರಣಗಳು ಚೆನ್ನಾಗಿ ಕಾಣುವುದು ಹುಣ್ಣಿಮೆಗೇ.

ಸೂಪರ್‌ಮೂನ್ ದಿನ ತೆಗೆದರೆ ಜಾಸ್ತಿ ವಿವರ ಬರುತ್ತದಾ?

ಅತಿ ಹತ್ತಿರದ ಹುಣ್ಣಿಮೆಗೂ ಅತಿ ದೂರದ ಹುಣ್ಣಿಮೆಗೂ ಅಗಲದಲ್ಲಿ ಸುಮಾರು 14% ವ್ಯತ್ಯಾಸ. ಎರಡನ್ನೂ ಒಂದೇ ಲೆನ್ಸ್‌ನಲ್ಲಿ ತೆಗೆದು ಪಕ್ಕಪಕ್ಕ ಇಟ್ಟರೆ ಚೆಂದ ಕಾಣುತ್ತದೆ. ಶಾರ್ಪ್ ಆಗಲು ಅದರಿಂದ ಹೇಳಿಕೊಳ್ಳುವಂಥ ಸಹಾಯ ಇಲ್ಲ.

ಗಾಳಿ ಗಾಳಿ ಅಂತೀರಲ್ಲ, ಆಕಾಶ ನಿರ್ಮಲವಾಗಿದ್ದರೂ ಗಾಳಿ ಕೆಟ್ಟಿರುತ್ತದಾ?

ಇರುತ್ತದೆ, ಮತ್ತು ಬಹಳ ಜನರಿಗೆ ಗೊತ್ತಾಗದೆ ಉಳಿಯುವ ಕಾರಣ ಇದೇ. ಬಿಸಿ ಗಾಳಿ, ತಣ್ಣನೆ ಗಾಳಿ ಪದರ ಪದರವಾಗಿ ಬೆರೆಯುವಾಗ ಬೆಳಕು ಅತ್ತಿತ್ತ ಬಾಗುತ್ತದೆ. ಅಲುಗುವ ನೀರಿನ ತಳದಲ್ಲಿ ಬಿದ್ದ ನಾಣ್ಯ ನೋಡಿದ ಹಾಗೆ. ನೀರು ತಿಳಿಯಾಗಿದ್ದರೂ ನಾಣ್ಯ ನಿಂತಲ್ಲಿ ನಿಲ್ಲುವುದಿಲ್ಲ. ನಕ್ಷತ್ರಗಳು ಜೋರಾಗಿ ಮಿನುಗುತ್ತಿದ್ದರೆ ಅವತ್ತು ಗಾಳಿ ಕೆಟ್ಟಿದೆ ಅಂತ ಅರ್ಥ. ಮಂದವಾದ, ಸ್ವಲ್ಪ ಮಂಜು ಮುಸುಕಿದ, ಎಲೆ ಅಲ್ಲಾಡದ ರಾತ್ರಿಗಳಲ್ಲಿ ಎಷ್ಟೋ ಸಲ ಕುಳಿಗಳು ಕೆತ್ತಿದಂತೆ ನಿಲ್ಲುತ್ತವೆ.

ಚಂದ್ರನ ಮೇಲೆ ಒಂದು ಆರ್ಕ್ ಸೆಕೆಂಡ್ ಅಂದರೆ ಸುಮಾರು 1.9 ಕಿಮೀ. ಗಾಳಿ 3 ಆರ್ಕ್ ಸೆಕೆಂಡಿನಷ್ಟು ಕಲಸುತ್ತಿದ್ದರೆ 5 ಕಿಮೀಗಿಂತ ಸಣ್ಣ ಕುಳಿಗಳು ಒಂದೇ ಫೋಟೋದಲ್ಲಿ ಸಿಗುವುದು ಕಷ್ಟ, ಲೆನ್ಸ್ ಎಷ್ಟೇ ದುಬಾರಿ ಇರಲಿ.

ನಿಮ್ಮ ಕೈಯಲ್ಲಿರುವುದು ಇಷ್ಟು. ಚಂದ್ರ ಎತ್ತರಕ್ಕೆ ಬರುವವರೆಗೆ ಕಾಯಿರಿ. ನೆತ್ತಿಯ ಮೇಲಿದ್ದಾಗ ದಾಟುವ ಗಾಳಿಗೆ ಹೋಲಿಸಿದರೆ 30 ಡಿಗ್ರಿ ಎತ್ತರದಲ್ಲಿ ಎರಡು ಪಟ್ಟು ಗಾಳಿ, ದಿಗಂತದಲ್ಲಿ 40 ಪಟ್ಟಿನ ಹತ್ತಿರ. ಬಿಸಿಲಿಗೆ ಕಾದ ಕಾಂಕ್ರೀಟ್ ಮಹಡಿ, ಡಾಂಬರು ನೆಲ, ಏಸಿಯ ಹೊರಗಿನ ಡಬ್ಬದ ಬಿಸಿ, ಎದುರು ಮನೆಯ ಸೂರು, ಇವುಗಳ ಮೇಲಿಂದ ನೋಡಬೇಡಿ. ಹುಲ್ಲು, ಮಣ್ಣಿನ ನೆಲ ಬೇಗ ತಣ್ಣಗಾಗುತ್ತದೆ. ಕಿಟಕಿಯ ಗಾಜಿನ ಹಿಂದಿನಿಂದಂತೂ ಬೇಡವೇ ಬೇಡ, ತೆರೆದ ಕಿಟಕಿಯಲ್ಲೂ ಒಳಗಿನ ಬಿಸಿ ಗಾಳಿ ಹೊರಗೆ ನುಗ್ಗುತ್ತಿರುತ್ತದೆ. ಲೆನ್ಸನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ. ದೊಡ್ಡ ಟೆಲಿಸ್ಕೋಪ್ ಆದರೆ ಒಂದು ಗಂಟೆ.

ಸ್ಟ್ಯಾಕಿಂಗ್ ಅಂದರೇನು? ನನಗೆ ಬೇಕಾ?

ಗಾಳಿಯನ್ನು ಗೆಲ್ಲಲು ಮನೆಯಲ್ಲೇ ಸಿಗುವ ಉಪಾಯ ಇದು. ಒಂದು ಫೋಟೋದ ಬದಲು ನೂರಾರು, ಸಾವಿರಾರು ಫ್ರೇಮ್ ತೆಗೆಯುವುದು, ಅದರಲ್ಲಿ ಗಾಳಿ ಒಂದು ಕ್ಷಣ ನಿಂತಾಗ ಸಿಕ್ಕವನ್ನು ಆರಿಸುವುದು, ಆರಿಸಿದವನ್ನು ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆಯುವುದು. 16 ಫ್ರೇಮ್ ಸೇರಿಸಿದರೆ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಕಾಲು ಭಾಗಕ್ಕೆ ಇಳಿಯುತ್ತದೆ. ನಾಯ್ಸ್ ಕಡಿಮೆ ಇದ್ದಾಗ ಮಾತ್ರ ಶಾರ್ಪನಿಂಗ್ ಧೈರ್ಯವಾಗಿ ಹಾಕಬಹುದು. ನುರಿತವರ ಚಿತ್ರಗಳಲ್ಲಿ ಕಾಣುವ ಆ ಸೂಕ್ಷ್ಮ ವಿವರ ಹೆಚ್ಚಾಗಿ ಇಲ್ಲಿಂದಲೇ ಬಂದದ್ದು.

ಬೇಕಾದ ಸಾಫ್ಟ್‌ವೇರ್ ಎಲ್ಲ ಉಚಿತ. ಕ್ಯಾಮೆರಾದ ವಿಡಿಯೋವನ್ನು ಮೊದಲು ಪಿಪ್‌ನಲ್ಲಿ ಹಾಕಿ, ಚಂದ್ರನನ್ನು ನಡುವಿಗೆ ತಂದು, ಎಸ್‌ಇಆರ್ ಅಥವಾ ಎವಿಐ ಥರದ ವಿಡಿಯೋ ಫೈಲ್ ಮಾಡಿಕೊಳ್ಳಿ. ಅದನ್ನು ಆಟೋಸ್ಟ್ಯಾಕರ್ಟ್‌ಗೆ ಕೊಟ್ಟರೆ ಅದು ಪ್ರತಿ ಫ್ರೇಮಿಗೂ ಗುಣಮಟ್ಟದ ಅಂಕ ಹಾಕಿ ಸಾಲಾಗಿ ಜೋಡಿಸುತ್ತದೆ. ಮೇಲಿನ 10 ರಿಂದ 20% ಮಾತ್ರ ಇಟ್ಟುಕೊಳ್ಳಿ. ಬಂದ ಚಿತ್ರ ಮೊದಲ ನೋಟಕ್ಕೆ ಮೆತ್ತಗೇ ಕಾಣುತ್ತದೆ, ಗಾಬರಿ ಬೇಡ, ವಿವರ ಒಳಗೇ ಇದೆ. ರೆಜಿಸ್ಟ್ಯಾಕ್ಸ್‌ನ ವೇವ್‌ಲೆಟ್ ಪಟ್ಟಿಗಳನ್ನು ಸ್ವಲ್ಪ ಸ್ವಲ್ಪ ಎಳೆದರೆ ಕುಳಿಗಳು ಎದ್ದು ಬರುತ್ತವೆ. ಈ ಮೂರೂ ವಿಂಡೋಸ್‌ನವು. ಮ್ಯಾಕ್, ಲಿನಕ್ಸ್ ಇರುವವರು ಸಿರಿಲ್ ನೋಡಬಹುದು.

ವಿಡಿಯೋ ಬೇಡ ಅನ್ನಿಸಿದರೆ 20-30 ರಾ ಫೋಟೋ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆದು ಇದೇ ಥರ ಸೇರಿಸಿ. ಕೆಲವೇ ನಿಮಿಷಗಳಲ್ಲಿ ತೆಗೆದು ಮುಗಿಸಿ, ಹೊತ್ತು ಕಳೆದಂತೆ ಚಂದ್ರ ಫ್ರೇಮಿನಲ್ಲಿ ಓರೆಯಾಗಿ ತಿರುಗುತ್ತಾ ಹೋಗುತ್ತಾನೆ.

ಮೊಬೈಲಿನಲ್ಲಿ ತೆಗೆಯಬಹುದಾ?

ಬರೀ ಮೊಬೈಲಿನಲ್ಲಿ ಆದರೆ ಜೂಮ್ ಲೆನ್ಸ್‌ಗೆ ಬದಲಾಯಿಸಿ, ಚಂದ್ರನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ, ಆಮೇಲೆ ಬೆಳಕಿನ ಪಟ್ಟಿಯನ್ನು ಕೆಳಗೆ ಎಳೆಯುತ್ತಾ ಹೋಗಿ. ಕಲೆಗಳು ಕಂಡ ಕೂಡಲೇ ನಿಲ್ಲಿಸಿ. ಕೆಲವು ಫೋನುಗಳು ಚಂದ್ರ ಅಂತ ಗುರುತಿಸಿ ತಾವೇ ವಿವರ ತುಂಬುತ್ತವೆ. ನಿಮ್ಮ ಲೆನ್ಸ್ ಕಂಡದ್ದೇ ಬೇಕು ಅನ್ನುವುದಾದರೆ ಆ ಸೌಲಭ್ಯ ಆಫ್ ಮಾಡಿ, ಪ್ರೊ ಮೋಡ್‌ನಲ್ಲಿ ರಾ ತೆಗೆಯಿರಿ.

ಟೆಲಿಸ್ಕೋಪ್ ಸಿಕ್ಕರೆ ಮಾತ್ರ ಮೊಬೈಲ್ ಅದ್ಭುತ ಕೆಲಸ ಮಾಡುತ್ತದೆ. ಐಪೀಸಿಗೆ (ಕಣ್ಣಿಟ್ಟು ನೋಡುವ ಕಡೆಯ ಲೆನ್ಸ್) ಫೋನ್ ಹಿಡಿದಿಡುವ ಕ್ಲ್ಯಾಂಪ್ ಹಾಕಿ, ಫೋನಿನ ಮುಖ್ಯ ಕ್ಯಾಮೆರಾವನ್ನೇ ಬಳಸಿ, ವಿಡಿಯೋ ತೆಗೆದು ಸ್ಟ್ಯಾಕ್ ಮಾಡಿ. ಕೈಯಲ್ಲಿ ಹಿಡಿದು ಸರ್ಕಸ್ ಮಾಡುವುದಕ್ಕಿಂತ ಆ ಕ್ಲ್ಯಾಂಪ್ ಒಂದು ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಎಡಿಟ್ ಮಾಡುವಾಗ ಎಷ್ಟು ಶಾರ್ಪನ್ ಮಾಡಲಿ?

ಚಂದ್ರನ ಅಂಚಿನ ಸುತ್ತ ಬಿಳಿ ದಾರದಂಥ ಗೆರೆ ಕಾಣಿಸಿಕೊಂಡ ಕೂಡಲೇ ಒಂದು ಹೆಜ್ಜೆ ಹಿಂದೆ ಬನ್ನಿ. ಕುಳಿಗಳ ಸುತ್ತ ಕಪ್ಪು ಬಳೆ ಬಂದರೂ ಅಷ್ಟೇ. ಒಂದೇ ಸಲ ಜೋರಾಗಿ ಎಳೆಯುವ ಬದಲು ಒಂದು ಪಿಕ್ಸೆಲ್ ರೇಡಿಯಸ್‌ನಲ್ಲಿ ಎರಡು ಮೂರು ಸಲ ಹಗುರವಾಗಿ ಹಾಕಿ. ರಾ ಫೈಲ್ ಇರಲಿ, ಜೆಪೆಗ್‌ನಲ್ಲಿ ಕ್ಯಾಮೆರಾ ಆಗಲೇ ಒಮ್ಮೆ ಶಾರ್ಪನ್ ಮಾಡಿರುತ್ತದೆ. ಫೋಕಸ್ ತಪ್ಪಿದ ಫೋಟೋವನ್ನು ಉಳಿಸಲು ಗಂಟೆಗಟ್ಟಲೆ ಕೂರಬೇಡಿ, ನಾಳೆ ಮತ್ತೆ ಚಂದ್ರ ಬರುತ್ತಾನೆ, ಸುಮಾರು 50 ನಿಮಿಷ ತಡವಾಗಿ.

ಕೆಲವರ ಫೋಟೋದಲ್ಲಿ ಚಂದ್ರನಿಗೆ ನೀಲಿ, ಕಂದು ಬಣ್ಣ ಇರುತ್ತದೆ. ಸುಳ್ಳಾ?

ಸುಳ್ಳಲ್ಲ, ಎತ್ತಿ ತೋರಿಸಿದ್ದು. ಟೈಟಾನಿಯಂ ಜಾಸ್ತಿ ಇರುವ ಲಾವಾ ಬಯಲು ಸ್ವಲ್ಪ ನೀಲಿ, ಅದು ಕಡಿಮೆ ಇದ್ದು ಕಬ್ಬಿಣ ಇರುವ ಕಡೆ ಕೆಂಪು ಛಾಯೆ. ಈ ಬಯಲುಗಳನ್ನೇ ಸಮುದ್ರ ಅನ್ನುವುದು. ಟ್ರ್ಯಾಂಕ್ವಿಲಿಟಿ ಸಮುದ್ರ ಮತ್ತು ಅದರ ಪಕ್ಕದ ಸೆರೆನಿಟಿ ಸಮುದ್ರದ ನಡುವಿನ ವ್ಯತ್ಯಾಸ ನೋಡಿ. ಸ್ಟ್ಯಾಕ್ ಮಾಡಿದ ಚಿತ್ರದಲ್ಲಿ ಸ್ಯಾಚುರೇಶನ್ ಸ್ವಲ್ಪ ಸ್ವಲ್ಪವೇ ಏರಿಸಿದರೆ ಹೊರಬರುತ್ತದೆ. ಚಂದ್ರ ಕೆಳಗಿದ್ದಾಗ ಒಂದು ಅಂಚು ಕೆಂಪು, ಎದುರಿನದು ನೀಲಿ ಬಂದರೆ ಅದು ಬೇರೆ, ಗಾಳಿ ಬೆಳಕನ್ನು ಒಡೆದದ್ದು.

ಕಟ್ಟಡದ ಹಿಂದೆ ದೊಡ್ಡ ಚಂದ್ರ, ಎರಡೂ ಶಾರ್ಪ್. ಹೇಗೆ ತೆಗೆಯುತ್ತಾರೆ?

ದೂರ ಹೋಗಿ ತೆಗೆಯುತ್ತಾರೆ. ಮತ್ತೆ ಅದೇ 110 ರ ಲೆಕ್ಕ. 50 ಮೀಟರ್ ಎತ್ತರದ ಗೋಪುರ ಚಂದ್ರನಷ್ಟೇ ಎತ್ತರ ಕಾಣಬೇಕಾದರೆ ಅದರಿಂದ ಐದೂವರೆ ಕಿಮೀ ದೂರ ನಿಲ್ಲಬೇಕು. ಎರಡೂ ಫೋಕಸ್‌ನಲ್ಲಿರಲು 400 ಮಿಮೀ, ಎಫ್/8 ರಲ್ಲಿ ಕಟ್ಟಡ ಒಂದು ಕಿಮೀ ಆಚೆ ಇದ್ದರೆ ಸಾಕು. ಬೆಳಕಿಗಾಗಿ ಹುಣ್ಣಿಮೆಯ ದಿನ ಅಥವಾ ಹಿಂದಿನ ಸಂಜೆ ಆರಿಸಿ, ಆಗ ಚಂದ್ರ ಹುಟ್ಟುವಾಗ ಆಕಾಶದಲ್ಲಿ ಇನ್ನೂ ಬೆಳಕಿರುತ್ತದೆ. ಎಲ್ಲಿ ನಿಲ್ಲಬೇಕು ಅಂತ ಫೋಟೋಪಿಲ್ಸ್‌ನಂಥ ಆ್ಯಪ್ ತೋರಿಸುತ್ತದೆ. ಚಂದ್ರ ಕೆಳಗಿರುವುದರಿಂದ ಕುಳಿಗಳ ವಿವರ ಇಲ್ಲಿ ನಿರೀಕ್ಷಿಸಬೇಡಿ.

ತೆಳು ಚಂದ್ರನ ಕತ್ತಲೆ ಭಾಗವೂ ಕಾಣುವಂತೆ ತೆಗೆಯುವುದು?

ಅದು ಭೂಮಿಯಿಂದ ಹೋಗಿ ಬಂದ ಬೆಳಕು. ಲಿಯೊನಾರ್ಡೊ ಡಾ ವಿಂಚಿ 16ನೇ ಶತಮಾನದ ಆರಂಭದಲ್ಲೇ ಇದನ್ನು ವಿವರಿಸಿದ್ದ. ಬಿದಿಗೆಯಿಂದ ಚೌತಿಯವರೆಗೆ ಚೆನ್ನಾಗಿ ಕಾಣುತ್ತದೆ. ಐಎಸ್‌ಒ 800, ಎಫ್/5.6, ಒಂದು ಸೆಕೆಂಡಿನಿಂದ ಶುರು ಮಾಡಿ. ಹೊಳೆಯುವ ಗೆರೆ ಸುಟ್ಟುಹೋಗುತ್ತದೆ, ಅದಕ್ಕೆ ಬೇರೆ ಫೋಟೋ ತೆಗೆದು ಆಮೇಲೆ ಜೋಡಿಸಬೇಕು. 200 ಮಿಮೀಗಿಂತ ಉದ್ದದ ಲೆನ್ಸ್ ಇದ್ದರೆ ಒಂದು ಸೆಕೆಂಡಿಗೇ ಚಂದ್ರ ಜಾರಿರುತ್ತಾನೆ, ಐಎಸ್‌ಒ ಏರಿಸಿಕೊಳ್ಳಿ.

ಚಂದ್ರಗ್ರಹಣಕ್ಕೆ?

ಪೂರ್ತಿ ಗ್ರಹಣದಲ್ಲಿ ಚಂದ್ರ ಸಾವಿರಾರು ಪಟ್ಟು ಮಂಕಾಗುತ್ತಾನೆ. ಐಎಸ್‌ಒ 3200, ಎಫ್/4, 1/4 ಸೆಕೆಂಡ್ ಸುಮಾರಿನಿಂದ ಶುರು ಮಾಡಿ. ಚಂದ್ರನನ್ನು ಹಿಂಬಾಲಿಸುವ ಟ್ರ್ಯಾಕರ್ ಇದ್ದರೆ ಇಲ್ಲಿ ನಿಜವಾಗಿ ಬೆಲೆ ಬರುತ್ತದೆ. ಫೋಕಸನ್ನು ಗ್ರಹಣ ಶುರುವಾಗುವ ಮುಂಚೆಯೇ ಹಿಡಿದು ಟೇಪ್ ಹಾಕಿಡಿ, ಕೆಂಪಾದ ಮೇಲೆ ಹಿಡಿಯುವುದು ಕಷ್ಟ. 2028ರ ಡಿಸೆಂಬರ್ 31ರಂದು ಪೂರ್ಣ ಗ್ರಹಣ ಇದೆ.

ಫೋಟೋದಲ್ಲಿ ಎರಡನೇ ಚಂದ್ರ, ಮಂಕಾಗಿ, ತಲೆಕೆಳಗಾಗಿ!

ಲೆನ್ಸ್ ಮುಂದಿನ ಯುವಿ ಫಿಲ್ಟರ್ ತೆಗೆದುಬಿಡಿ. ಸೆನ್ಸರಿನಿಂದ ಹಿಂದಿರುಗಿದ ಬೆಳಕು ಅದಕ್ಕೆ ತಾಗಿ ವಾಪಸ್ ಬಂದಿದೆ.

ಅಪೊಲೊ ಯಾತ್ರಿಗಳು ನೆಟ್ಟ ಧ್ವಜ ತೆಗೆಯಬಹುದಾ?

ಆಗುವುದಿಲ್ಲ. ಅವರು ಬಿಟ್ಟುಬಂದ ನೌಕೆಯ ಕೆಳಭಾಗವೇ ಕಾಲುಗಳೂ ಸೇರಿ 9 ಮೀಟರ್ ಅಗಲ. ಹಬಲ್ ದೂರದರ್ಶಕ ಕೂಡ ಚಂದ್ರನ ಮೇಲೆ ಸುಮಾರು 90 ಮೀಟರ್‌ಗಿಂತ ಸಣ್ಣದನ್ನು ಬಿಡಿಸಿ ತೋರಿಸಲಾರದು. 2009ರಲ್ಲಿ ಹೋದ ಎಲ್‌ಆರ್‌ಒ ನೌಕೆ ಚಂದ್ರನನ್ನೇ ಸುತ್ತುತ್ತಾ ಆ ಇಳಿದ ಜಾಗಗಳ, ಯಾತ್ರಿಗಳು ನಡೆದ ದಾರಿಗಳ ಚಿತ್ರ ತೆಗೆದಿದೆ. 1969ರ ಜುಲೈನಲ್ಲಿ ಅಪೊಲೊ 11 ಇಳಿದ ಟ್ರ್ಯಾಂಕ್ವಿಲಿಟಿ ಸಮುದ್ರವನ್ನು ಮಾತ್ರ 300 ಮಿಮೀ ಲೆನ್ಸ್‌ನಲ್ಲೂ ಆರಾಮಾಗಿ ತೆಗೆಯಬಹುದು. ಆ ಬಯಲಿನ ನೈರುತ್ಯ ಅಂಚಿನ ಕಡೆಗೆ ನೋಡಿ. ಪಂಚಮಿ, ಷಷ್ಠಿಯ ಸುಮಾರಿಗೆ ಅಲ್ಲಿ ಸೂರ್ಯ ಹುಟ್ಟುತ್ತಾನೆ, ಆಗ ನೆಲದ ಏರುತಗ್ಗು ಚೆನ್ನಾಗಿ ಕಾಣುತ್ತದೆ.